305 ತೆಗೆದು 350 ಹಾಕುವುದು: ಘನ ಅಂಗುಲದ ಲೆಕ್ಕ ಮತ್ತು ಎಂಜಿನ್ ಹೊಂದಾಣಿಕೆ

ಟೆಕ್ಸಾಸ್_ತುಮಕೂರು:
ನನ್ನ ಬಳಿ 1984ರ ಷೆವ್ರೊಲೆ ಸಿ-10 ಪಿಕಪ್ ಇದೆ. ಅದರಲ್ಲಿರುವುದು 305 ಘನ ಅಂಗುಲದ ವಿ8 ಎಂಜಿನ್ (ಎಂಟು ಸಿಲಿಂಡರುಗಳು ವಿ ಆಕಾರದ ಎರಡು ಸಾಲುಗಳಲ್ಲಿರುವುದು), ಕಾರ್ಬುರೇಟರ್ ಮತ್ತು 700ಆರ್4 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ ಹೊಗೆ ಕಾರುತ್ತಿದ್ದು, ಅದನ್ನು ಬಿಚ್ಚಿ ಸರಿಪಡಿಸುವುದಕ್ಕಿಂತ 350 ಘನ ಅಂಗುಲದ ಎಂಜಿನ್ ಕೂರಿಸುವುದೇ ಮೇಲೆಂದು ಹಲವರು ಹೇಳಿದ್ದಾರೆ. ಊರಿನಲ್ಲಿ ಎರಡು ಎಂಜಿನ್‌ಗಳು ಮಾರಾಟಕ್ಕಿವೆ. ಒಂದು 1977ರ ಓಲ್ಡ್ಸ್‌ಮೊಬಿಲ್ ಡೆಲ್ಟಾ 88 ಕಾರಿನಿಂದ ತೆಗೆದದ್ದು, ಇನ್ನೊಂದು 1989ರ ಷೆವ್ರೊಲೆ ಪಿಕಪ್‌ನಿಂದ ತೆಗೆದದ್ದು. ಎರಡೂ ಜನರಲ್ ಮೋಟರ್ಸ್‌ನವು, ಎರಡನ್ನೂ 350 ಎಂದೇ, ಅಂದರೆ 5.7 ಲೀಟರ್ ಎಂದೇ ಮಾರುತ್ತಿದ್ದಾರೆ. ಅಳತೆ ಒಂದೇ ಆಗಿರುವಾಗ ಕಡಿಮೆ ಬೆಲೆಯ ಓಲ್ಡ್ಸ್‌ಮೊಬಿಲ್ ಎಂಜಿನ್ ತೆಗೆದುಕೊಂಡರೆ ತೊಂದರೆಯೇನಾದರೂ ಇದೆಯೇ?

ಅಂಗುಲ_ಲೆಕ್ಕ:
ಕೊಳ್ಳುವ ಮೊದಲು ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡೋಣ. ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಯವರೆಗೆ ಚಲಿಸುವಾಗ ತಳ್ಳುವ ಜಾಗದ ಒಟ್ಟು ಗಾತ್ರವೇ ಎಂಜಿನ್ನಿನ ಸಾಮರ್ಥ್ಯ. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ನಲ್ಲಿರುವ ದಹನ ಕೋಣೆಯ ಗಾತ್ರ ಇದರಲ್ಲಿ ಸೇರುವುದಿಲ್ಲ. ಸಿಲಿಂಡರಿನ ವ್ಯಾಸವಾದ ಬೋರ್ ಮತ್ತು ಪಿಸ್ಟನ್ ಚಲಿಸುವ ದೂರವಾದ ಸ್ಟ್ರೋಕ್ ತಿಳಿದಿದ್ದರೆ ಉಳಿದದ್ದು ಶಾಲೆಯ ಗಣಿತ. ಷೆವ್ರೊಲೆ 350ರ ಬೋರ್ 4.00 ಅಂಗುಲ, ಸ್ಟ್ರೋಕ್ 3.48 ಅಂಗುಲ. ಬೋರಿನ ಅರ್ಧವನ್ನು ವರ್ಗ ಮಾಡಿ 3.1416ರಿಂದ ಗುಣಿಸಿದರೆ 12.566, ಅದನ್ನು 3.48ರಿಂದ ಗುಣಿಸಿದರೆ ಒಂದು ಸಿಲಿಂಡರಿಗೆ 43.73, ಎಂಟು ಸಿಲಿಂಡರಿಗೆ 349.8 ಘನ ಅಂಗುಲ. ಒಂದು ಘನ ಅಂಗುಲ ಎಂದರೆ 16.387 ಸಿಸಿ, ಆದ್ದರಿಂದ ಇದು ಸುಮಾರು 5,733 ಸಿಸಿ.

ನಿಮ್ಮ 305ರ ಸ್ಟ್ರೋಕ್ ಕೂಡ 3.48 ಅಂಗುಲವೇ, ಬೋರ್ ಮಾತ್ರ 3.736. ಅಂದರೆ ಷೆವ್ರೊಲೆಯ 305 ಮತ್ತು 350 ಒಂದೇ ಮನೆಯ ಮಕ್ಕಳು. ಹೊರಗಿನಿಂದ ನೋಡಿದರೆ ಅವನ್ನು ಪ್ರತ್ಯೇಕಿಸುವುದು ಕಷ್ಟ. ಓಲ್ಡ್ಸ್‌ಮೊಬಿಲ್‌ನ 350 ಹಾಗಲ್ಲ. ಅದರ ಬೋರ್ 4.057, ಸ್ಟ್ರೋಕ್ 3.385. ಗುಣಿಸಿದರೆ ಅಲ್ಲೂ 350 ಬರುತ್ತದೆ, ಆದರೆ ಆ ಎಂಜಿನ್ನಿನ ಬ್ಲಾಕ್, ಹೆಡ್, ಮ್ಯಾನಿಫೋಲ್ಡ್, ಮೌಂಟು, ಗೇರ್‌ಬಾಕ್ಸ್ ಸೇರುವ ಬೋಲ್ಟುಗಳ ವಿನ್ಯಾಸ ಎಲ್ಲವೂ ಬೇರೆ. ಎರಡು ಬಿಂದಿಗೆಗಳು ಅಷ್ಟೇ ನೀರು ಹಿಡಿಯುತ್ತವೆ ಎಂದ ಮಾತ್ರಕ್ಕೆ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರಬೇಕೆಂದಿಲ್ಲ.

ಹಳೇ_ಕಬ್ಬಿಣ:
ಮೇಲಿನ ಉತ್ತರಕ್ಕೆ ಸ್ವಲ್ಪ ಚರಿತ್ರೆ ಸೇರಿಸುತ್ತೇನೆ, ಏಕೆಂದರೆ ಈ ಗೊಂದಲದ ಬೇರು ಅಲ್ಲಿದೆ. ಜನರಲ್ ಮೋಟರ್ಸ್ ಒಂದೇ ಕಂಪನಿಯಾಗಿದ್ದರೂ ಷೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬಿಲ್, ಬ್ಯೂಕ್, ಕ್ಯಾಡಿಲಾಕ್ ವಿಭಾಗಗಳು ಬಹುಕಾಲ ತಮ್ಮ ತಮ್ಮ ವಿ8 ಎಂಜಿನ್‌ಗಳನ್ನು ತಾವೇ ರೂಪಿಸಿಕೊಂಡವು. ಹೀಗಾಗಿ 1970ರ ದಶಕದಲ್ಲಿ ಒಂದೇ ಕಂಪನಿಯಲ್ಲಿ ನಾಲ್ಕು ಬಗೆಯ 350ಗಳಿದ್ದವು. ಬ್ಯೂಕ್‌ನದರ ಬೋರ್ 3.80, ಸ್ಟ್ರೋಕ್ 3.85, ಅಂದರೆ ಬೋರಿಗಿಂತ ಸ್ಟ್ರೋಕೇ ಉದ್ದ. ಪಾಂಟಿಯಾಕ್‌ನದು 3.875 ಮತ್ತು 3.75. ಪಾಂಟಿಯಾಕ್‌ನ ಲೆಕ್ಕ ಹಾಕಿ ನೋಡಿದರೆ 354ರ ಹತ್ತಿರ ಬರುತ್ತದೆ, ಆದರೂ ಕಂಪನಿ 350 ಎಂದೇ ಕರೆಯಿತು. ಗೇರ್‌ಬಾಕ್ಸ್ ಸೇರುವ ಬೋಲ್ಟುಗಳ ವಿಷಯದಲ್ಲಿ ಬ್ಯೂಕ್, ಓಲ್ಡ್ಸ್‌ಮೊಬಿಲ್ ಮತ್ತು ಪಾಂಟಿಯಾಕ್ ಒಂದು ಪಂಗಡವಾದರೆ ಷೆವ್ರೊಲೆ ಇನ್ನೊಂದು ಪಂಗಡ.

ಕುತೂಹಲದ ಸಂಗತಿಯೆಂದರೆ, ನಿಮಗೆ ಸಿಕ್ಕಿರುವ 1977ರ ಡೆಲ್ಟಾ 88 ಇದೇ ವಿಷಯಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಾರು. ಆ ವರ್ಷ ಓಲ್ಡ್ಸ್‌ಮೊಬಿಲ್ ಎಂಜಿನ್‌ಗಳು ಬೇಡಿಕೆಗೆ ಸಾಲದೇ ಹೋದಾಗ ಕಂಪನಿಯು ಹಲವು ಡೆಲ್ಟಾ 88 ಕಾರುಗಳಲ್ಲಿ ಷೆವ್ರೊಲೆಯ 350 ಕೂರಿಸಿ ಮಾರಿತು. 'ರಾಕೆಟ್' ಎಂಬ ಹೆಸರಿನ ತನ್ನ ಎಂಜಿನ್ನಿನ ಬಗ್ಗೆ ಹೆಮ್ಮೆಪಡುತ್ತಿದ್ದ ಬ್ರ್ಯಾಂಡ್‌ನ ಗ್ರಾಹಕರಿಗೆ ಇದು ಗೊತ್ತಾದಾಗ ದೊಡ್ಡ ಗಲಾಟೆಯಾಯಿತು. ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು, ಬೇರೆ ರಾಜ್ಯಗಳೂ ಸೇರಿಕೊಂಡವು. ಕೊನೆಗೆ ಕಂಪನಿ ರಾಜಿ ಮಾಡಿಕೊಂಡಿತು, ತನ್ನ ಕಾರುಗಳ ಎಂಜಿನ್‌ಗಳು ಬೇರೆ ಬೇರೆ ವಿಭಾಗಗಳಲ್ಲಿ ತಯಾರಾಗುತ್ತವೆ ಎಂಬ ಸೂಚನೆಯನ್ನು ಜಾಹೀರಾತುಗಳಲ್ಲಿ ಸೇರಿಸತೊಡಗಿತು. ಆದ್ದರಿಂದ ನಿಮಗೆ ತೋರಿಸಿದ ಎಂಜಿನ್ ಓಲ್ಡ್ಸ್‌ಮೊಬಿಲ್‌ನದೇ ಆಗಿರಬಹುದು, ಷೆವ್ರೊಲೆಯದೂ ಆಗಿರಬಹುದು. ಕಾರಿನ ಹೆಸರು ನೋಡಿ ನಿರ್ಧರಿಸಬೇಡಿ.

ಗುರುತಿಸುವುದು ಸುಲಭ. ಆಯಿಲ್ ಹಾಕುವ ಕೊಳವೆ ಎಂಜಿನ್ನಿನ ಮುಂಭಾಗದಲ್ಲಿ ಎದ್ದು ನಿಂತಿದ್ದು, ವಾಲ್ವ್ ಕವರಿನ ಅಂಚಿಗೆ ಹತ್ತು ಬೋಲ್ಟುಗಳಿದ್ದರೆ ಅದು ಓಲ್ಡ್ಸ್‌ಮೊಬಿಲ್. ಆ ಕಾಲದ ಷೆವ್ರೊಲೆಯಲ್ಲಿ ಕವರಿನ ಅಂಚಿಗೆ ನಾಲ್ಕೇ ಬೋಲ್ಟುಗಳು.

ಬಿಗ್‌ಬ್ಲಾಕ್_ಬಸವ:
ಇಷ್ಟೊಂದು ಲೆಕ್ಕಾಚಾರ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಎಂಜಿನ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂಬುದು ಅಮೆರಿಕದಲ್ಲಿ ಎಲ್ಲರೂ ಒಪ್ಪಿದ ಮಾತು. ಹೇಗೂ ಎಂಜಿನ್ ಬದಲಿಸುತ್ತಿದ್ದೀರಿ, ಒಂದು 400 ಹುಡುಕಿ ಕೂರಿಸಿ. ಅದು ಬಿಗ್ ಬ್ಲಾಕ್ ಆದ್ದರಿಂದ ಪಿಕಪ್‌ಗೆ ಸರಿಯಾಗಿ ಒಪ್ಪುತ್ತದೆ.

ಅಂಗುಲ_ಲೆಕ್ಕ:
ಷೆವ್ರೊಲೆ 400 ಬಿಗ್ ಬ್ಲಾಕ್ ಅಲ್ಲ, ಸ್ಮಾಲ್ ಬ್ಲಾಕ್. ಈ ಎರಡು ಪದಗಳು ಎಂಜಿನ್ ಎಷ್ಟು ಘನ ಅಂಗುಲ ಎಂಬುದನ್ನು ಹೇಳುವುದಿಲ್ಲ, ಬ್ಲಾಕ್ ಯಾವ ವಂಶದ್ದು ಎಂಬುದನ್ನು ಹೇಳುತ್ತವೆ. 1955ರಲ್ಲಿ 265 ಘನ ಅಂಗುಲದೊಂದಿಗೆ ಬಂದ ಸ್ಮಾಲ್ ಬ್ಲಾಕ್‌ನಲ್ಲಿ ಅಕ್ಕಪಕ್ಕದ ಸಿಲಿಂಡರುಗಳ ನಡುಬಿಂದುಗಳ ಅಂತರ 4.40 ಅಂಗುಲ. 283, 327, 302, 307, 350, 305, 1970ರ 400 ಎಲ್ಲವೂ ಆ ಅಂತರದ ಒಳಗೇ ಬೆಳೆದವು. ಬಿಗ್ ಬ್ಲಾಕ್‌ನಲ್ಲಿ ಆ ಅಂತರ 4.84 ಅಂಗುಲ, ಅದರ ಒಂದು ಪ್ರಸಿದ್ಧ ಮಾದರಿ 396. ಅಂದರೆ 400ರ ಸ್ಮಾಲ್ ಬ್ಲಾಕ್ 396ರ ಬಿಗ್ ಬ್ಲಾಕ್‌ಗಿಂತ ಸಾಮರ್ಥ್ಯದಲ್ಲಿ ದೊಡ್ಡದು. ಇನ್ನೂ ಗೊಂದಲ ಬೇಕೆಂದರೆ, 1970ರಿಂದ 396ರ ಬೋರನ್ನು ಹಿಗ್ಗಿಸಿ 402 ಮಾಡಿದರೂ ಷೆವೆಲ್ ಎಸ್‌ಎಸ್ ಕಾರಿನ ಮೇಲೆ 396 ಎಂಬ ಫಲಕವೇ ಉಳಿಯಿತು.

400ರ ಬೋರ್ 4.125 ಅಂಗುಲ. 4.40 ಅಂಗುಲದ ಅಂತರದಲ್ಲಿ ಇಷ್ಟು ದೊಡ್ಡ ಬೋರ್ ಕೊರೆದಾಗ ಸಿಲಿಂಡರುಗಳ ನಡುವೆ ನೀರು ಹರಿಯಲು ಜಾಗ ಉಳಿಯಲಿಲ್ಲ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡವು. ಅಲ್ಲಿ ಸಿಲುಕುವ ಹಬೆಯನ್ನು ಹೊರಬಿಡಲು ಬ್ಲಾಕ್‌ನ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳಿವೆ. 350ರ ಹೆಡ್ ತಂದು ಹಾಕುವವರು ಅದರಲ್ಲೂ ಅದೇ ರಂಧ್ರಗಳನ್ನು ಕೊರೆಸದಿದ್ದರೆ ಎಂಜಿನ್ ಬಿಸಿಯಾಗಿ ಕೆಡುತ್ತದೆ. ಜೊತೆಗೆ 400ರ ಕ್ರ್ಯಾಂಕ್‌ಶಾಫ್ಟಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಸಮತೋಲನದ ಒಂದು ಪಾಲು ಹೊರಗಿದೆ, ಮುಂದಿನ ತುದಿಯ ಡ್ಯಾಂಪರ್ ಎಂಬ ಚಕ್ರದಲ್ಲಿ ಮತ್ತು ಹಿಂದೆ ಗೇರ್‌ಬಾಕ್ಸ್ ಕಡೆ ಬಿಗಿಯುವ ಫ್ಲೆಕ್ಸ್‌ಪ್ಲೇಟ್ ಎಂಬ ಹಲ್ಲಿನ ತಟ್ಟೆಯಲ್ಲಿ. 305ರ ಫ್ಲೆಕ್ಸ್‌ಪ್ಲೇಟ್ ತೆಗೆದು ಅದಕ್ಕೆ ಬಿಗಿದರೆ ಬೋಲ್ಟುಗಳು ಸಲೀಸಾಗಿ ಕೂರುತ್ತವೆ, ಆದರೆ ಎಂಜಿನ್ ನಡುಗಿ ಬೇರಿಂಗುಗಳನ್ನು ತಿಂದುಹಾಕುತ್ತದೆ. ಬೋಲ್ಟ್ ಕೂರುವುದೇ ಬೇರೆ, ಹೊಂದುವುದೇ ಬೇರೆ.

ಅದೇ 400ರ ಕ್ರ್ಯಾಂಕ್‌ಶಾಫ್ಟನ್ನು 350ರ ಬ್ಲಾಕ್‌ನಲ್ಲಿ ಕೂರಿಸುವ ಹಳೆಯ ವಿದ್ಯೆಯೊಂದಿದೆ. 400ರ ಮುಖ್ಯ ಜರ್ನಲ್‌ಗಳ, ಅಂದರೆ ಬೇರಿಂಗಿನಲ್ಲಿ ತಿರುಗುವ ಭಾಗಗಳ ವ್ಯಾಸ 2.65 ಅಂಗುಲ, 350ರದು 2.45. ಜರ್ನಲ್‌ಗಳನ್ನು ತೇದು ಸಣ್ಣದು ಮಾಡಿ, ಬೋರನ್ನು 4.030ಕ್ಕೆ ಹಿಗ್ಗಿಸಿ, 3.75ರ ಸ್ಟ್ರೋಕ್ ಇಟ್ಟರೆ 382.7 ಬರುತ್ತದೆ. 383 ಎಂಬ ಹೆಸರಿನಲ್ಲಿ ಅದು ಎಲ್ಲೆಡೆ ಪ್ರಸಿದ್ಧ. ಕ್ರೈಸ್ಲರ್‌ಗೂ ತನ್ನದೇ ಆದ 383 ಇದೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಶಕ್ತಿಯ ಮಾತಿಗೆ ಬಂದರೆ, 1970ರ ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ 370 ಅಶ್ವಶಕ್ತಿಯದೆಂದು ಘೋಷಿಸಲಾಗಿತ್ತು, 1975ರ ಸಾಮಾನ್ಯ ಕಾರ್ವೆಟ್‌ನದು 165. ಎರಡೂ ಅದೇ 350. ಈ ಅಂತರಕ್ಕೆ ಒಂದು ಕಾರಣ ಅಳತೆಯ ಕ್ರಮ ಬದಲಾದದ್ದು. 1972ರಿಂದ ಫ್ಯಾನ್, ಆಲ್ಟರ್ನೇಟರ್, ಸೈಲೆನ್ಸರ್ ಎಲ್ಲ ಸೇರಿಸಿ ಅಳೆಯತೊಡಗಿದರು. ಉಳಿದದ್ದು ಕಂಪ್ರೆಷನ್ (ಸಿಲಿಂಡರಿನೊಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು), ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮತ್ತು ಹೊಗೆ ನಿಯಂತ್ರಣದ ಪರಿಣಾಮ. ಘನ ಅಂಗುಲವೊಂದೇ ಶಕ್ತಿಯನ್ನು ನಿರ್ಧರಿಸುವುದಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಬಿಗ್‌ಬ್ಲಾಕ್_ಬಸವ:
400ರ ವಿಷಯ ಒಪ್ಪಿದೆ. ಆದರೂ ಅದೇ ಎಂಜಿನ್ನಿನ ಎರಡು ಅಳತೆಗಳಲ್ಲಿ ದೊಡ್ಡದಕ್ಕೆ ಎಳೆಯುವ ಬಲ ಹೆಚ್ಚೆಂಬುದು ಸುಳ್ಳಲ್ಲ. ಟ್ರೇಲರ್ ಎಳೆಯುವವರಿಗೆ ಅದೇ ಮುಖ್ಯ.

ಡೆಟ್ರಾಯಿಟ್_ದಾವಣಗೆರೆ:
ಫೋರ್ಡ್‌ನವರ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಒಂದೇ ಸಂಖ್ಯೆಯಿಂದ ಮೋಸ ಹೋಗುವುದು ಅಲ್ಲಿ ಇನ್ನೂ ಸುಲಭ. ಫೋರ್ಡ್‌ನಲ್ಲಿ 351 ಎಂಬ ಮೂರು ಎಂಜಿನ್‌ಗಳಿವೆ. ಮೂರರ ಬೋರ್ 4.00, ಮೂರರ ಸ್ಟ್ರೋಕ್ 3.50. ಜನರಲ್ ಮೋಟರ್ಸ್‌ನ 350ಗಳಲ್ಲಿ ಬೋರ್ ಮತ್ತು ಸ್ಟ್ರೋಕ್ ಆದರೂ ಬೇರೆಯಿದ್ದವು, ಇಲ್ಲಿ ಅದೂ ಇಲ್ಲ. ಕೆನಡಾದ ವಿಂಡ್ಸರ್ ಕಾರ್ಖಾನೆಯ ಹೆಸರು ಹೊತ್ತ 351ಡಬ್ಲ್ಯು 1969ರಲ್ಲಿ ಬಂತು, ಓಹಾಯೊದ ಕ್ಲೀವ್‌ಲ್ಯಾಂಡ್‌ನ ಹೆಸರು ಹೊತ್ತ 351ಸಿ ಮರುವರ್ಷ ಬಂತು, 351ಎಂ 1975ರಲ್ಲಿ ಬಂತು. ಕ್ರ್ಯಾಂಕ್‌ಶಾಫ್ಟಿನ ನಡುವಿನಿಂದ ಹೆಡ್ ಕೂರುವ ಮೇಲ್ಮೈವರೆಗಿನ ಎತ್ತರ ವಿಂಡ್ಸರ್‌ನಲ್ಲಿ ಸುಮಾರು 9.5 ಅಂಗುಲ, ಕ್ಲೀವ್‌ಲ್ಯಾಂಡ್‌ನಲ್ಲಿ 9.2, ಎಂ ಮಾದರಿಯಲ್ಲಿ 10.3ರ ಹತ್ತಿರ. ಈ ಎತ್ತರ ಬದಲಾದರೆ ಎರಡು ಹೆಡ್‌ಗಳ ನಡುವಿನ ಅಗಲವೂ ಬದಲಾಗುವುದರಿಂದ ಒಂದರ ಇಂಟೇಕ್ ಮ್ಯಾನಿಫೋಲ್ಡ್ (ಕಾರ್ಬುರೇಟರಿನ ಕೆಳಗೆ, ಎರಡು ಹೆಡ್‌ಗಳ ನಡುವೆ ಕೂರುವ ಕೊಳವೆಗಳ ಭಾಗ) ಇನ್ನೊಂದರ ಮೇಲೆ ಕೂರುವುದಿಲ್ಲ. ಗೇರ್‌ಬಾಕ್ಸ್ ಸೇರುವ ವಿನ್ಯಾಸದಲ್ಲಿ ವಿಂಡ್ಸರ್ ಮತ್ತು ಕ್ಲೀವ್‌ಲ್ಯಾಂಡ್ 302ರ ಜೊತೆ ಹೊಂದುತ್ತವೆ, ಎಂ ಮಾತ್ರ 429 ಮತ್ತು 460ರಂಥ ದೊಡ್ಡ ಎಂಜಿನ್‌ಗಳ ಜೊತೆ ಹೊಂದುತ್ತದೆ. ಅಂದಹಾಗೆ, ಮೇಲಿನ ಅಳತೆಗಳನ್ನು ಗುಣಿಸಿದರೆ 352ಕ್ಕೆ ಬಹಳ ಹತ್ತಿರ ಬರುತ್ತದೆ. 352 ಎಂಬ ಬೇರೊಂದು ಎಂಜಿನ್ ಫೋರ್ಡ್ ಬಳಿ ಮೊದಲೇ ಇತ್ತು.

ಲೀಟರ್‌ಗೆ ಬಂದ ಮೇಲೂ ಈ ಸಂಖ್ಯೆಗಳು ಪೂರ್ತಿ ಪ್ರಾಮಾಣಿಕವಾಗಲಿಲ್ಲ. ಫೋರ್ಡ್ 302ರ ನಿಜವಾದ ಗಾತ್ರ 4,942 ಸಿಸಿ. ಅದನ್ನು 4.9 ಲೀಟರ್ ಎನ್ನಬೇಕಿತ್ತು. ಆದರೆ 300 ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ 4.9 ಎಂದು ಪಿಕಪ್‌ಗಳಲ್ಲಿ ಮಾರಾಟವಾಗುತ್ತಿತ್ತು, ವಿ8 ಮಾತ್ರ 5.0 ಎಂಬ ಹೆಸರು ಪಡೆಯಿತು. 302ರಲ್ಲೂ ಒಳಗಿನ ಬದಲಾವಣೆಗಳಿವೆ. ಹಳೆಯದರ ಹೊರ ಸಮತೋಲನ 28 ಔನ್ಸ್, 1980ರ ದಶಕದ ಆರಂಭದ ನಂತರದ್ದು 50 ಔನ್ಸ್. ಹಳೆಯದರ ಫ್ಲೈವೀಲ್ ಹೊಸದಕ್ಕೆ ಬಿಗಿದರೆ ಮೇಲೆ 400ರ ವಿಷಯದಲ್ಲಿ ಹೇಳಿದ ಅನಾಹುತವೇ ಇಲ್ಲೂ.

ಕಾರವಾರ_ಕ್ಲೀವ್‌ಲ್ಯಾಂಡ್:
ನನ್ನದೊಂದು ಸಣ್ಣ ಪ್ರಶ್ನೆ. ಭಾರತದಲ್ಲಿ ಸಿಸಿ ಎಂದರೆ ತೆರಿಗೆ. ಪೆಟ್ರೋಲ್ ಕಾರಿಗೆ 1200 ಸಿಸಿ, ಡೀಸೆಲ್ ಕಾರಿಗೆ 1500 ಸಿಸಿ, ಅದರ ಜೊತೆಗೆ ನಾಲ್ಕು ಮೀಟರ್ ಉದ್ದ, ಈ ಗಡಿ ದಾಟಿದರೆ ದರ ಏರುತ್ತದೆ. ಅಮೆರಿಕದಲ್ಲಿ ಅಂಥ ಗಡಿ ಇರಲಿಲ್ಲವೇ?

ಹಳೇ_ಕಬ್ಬಿಣ:
ಕೇಂದ್ರ ಸರ್ಕಾರದ ಮಟ್ಟದಲ್ಲಿ ಎಂಜಿನ್ ಗಾತ್ರದ ಮೇಲೆ ಅಂಥ ತೆರಿಗೆ ಇಲ್ಲ. ಹೆಚ್ಚು ಪೆಟ್ರೋಲ್ ಕುಡಿಯುವ ಕಾರುಗಳ ಮೇಲಿನ ತೆರಿಗೆಯನ್ನು 1978ರ ಕಾನೂನು ತಂದಿತು, ಅದರ ಆಧಾರ ಗ್ಯಾಲನ್ನಿಗೆ ಎಷ್ಟು ಮೈಲಿ ಎಂಬುದು. ಪಿಕಪ್‌ಗಳಿಗೆ ಅದು ಅನ್ವಯಿಸುವುದೂ ಇಲ್ಲ. ಘನ ಅಂಗುಲದ ಮಿತಿಗಳು ಬೇರೆ ಕಡೆ ಇದ್ದವು. ನಾಸ್ಕಾರ್ ರೇಸಿನಲ್ಲಿ ಏಳು ಲೀಟರಿನ ಮಿತಿಯಿದ್ದುದರಿಂದಲೇ 1960ರ ದಶಕದಲ್ಲಿ 426, 427 ಎಂಬ ಸಂಖ್ಯೆಗಳು ಹಲವು ಕಂಪನಿಗಳಲ್ಲಿ ಕಾಣಿಸಿಕೊಂಡವು. ಫೋರ್ಡ್‌ನ 427 ನಿಜಕ್ಕೂ 426ಕ್ಕೂ ಕೊಂಚ ಕಡಿಮೆ. ಏಳು ಲೀಟರ್ ಎಂದರೆ 427 ಘನ ಅಂಗುಲ, ಆದ್ದರಿಂದ ಹೆಸರು ಹಾಗೆ.

ಟೆಕ್ಸಾಸ್_ತುಮಕೂರು:
ಎಲ್ಲರಿಗೂ ಧನ್ಯವಾದಗಳು. ಎರಡೂ ಎಂಜಿನ್ ನೋಡಿ ಬಂದೆ. ಡೆಲ್ಟಾ 88ರ ಎಂಜಿನ್ನಿನಲ್ಲಿ ಆಯಿಲ್ ಕೊಳವೆ ಮುಂದಿದೆ, ಕವರಿಗೆ ಹತ್ತು ಬೋಲ್ಟುಗಳಿವೆ. ಅದನ್ನು ಅಲ್ಲಿಗೇ ಬಿಟ್ಟೆ. 1989ರ ಪಿಕಪ್ ಎಂಜಿನ್ನಿನ ಹಿಂಭಾಗದಲ್ಲಿ, ಚಾಲಕನ ಬದಿಯ ಅಂಚಿನಲ್ಲಿ, 14093638 ಎಂಬ ಎರಕದ ಸಂಖ್ಯೆ ಸಿಕ್ಕಿತು. ಮಾರುವವರು ಇದನ್ನು ನೇರವಾಗಿ ಕೂರಿಸಬಹುದು ಎನ್ನುತ್ತಾರೆ. ನನ್ನ ಕಾರ್ಬುರೇಟರ್ ಮತ್ತು ಗೇರ್‌ಬಾಕ್ಸ್ ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ.

ಅಂಗುಲ_ಲೆಕ್ಕ:
ಆ ಸಂಖ್ಯೆ 1987ರಿಂದ 1995ರ ನಡುವಿನ 350ರ ಬ್ಲಾಕ್‌ನದು. ಸರಿಯಾದ ವಂಶದ ಎಂಜಿನ್ ನಿಮಗೆ ಸಿಕ್ಕಿದೆ. ಎಂಜಿನ್ ಮೌಂಟುಗಳು ಹೊಂದುತ್ತವೆ, 700ಆರ್4 ಸೇರುವ ಬೋಲ್ಟುಗಳು ಹೊಂದುತ್ತವೆ. ಆದರೆ 'ನೇರವಾಗಿ' ಎಂಬ ಮಾತು ಅರ್ಧ ಸತ್ಯ, ಏಕೆಂದರೆ 1984ಕ್ಕೂ 1989ಕ್ಕೂ ನಡುವೆ ಷೆವ್ರೊಲೆ ಮೂರು ಮುಖ್ಯ ಬದಲಾವಣೆಗಳನ್ನು ಮಾಡಿತು.

ಎಲ್ಲಕ್ಕಿಂತ ದೊಡ್ಡದು ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್. 1985ರವರೆಗೆ ಅದು ಎರಡು ತುಂಡುಗಳದ್ದು, 1986ರಿಂದ ಒಂದೇ ತುಂಡಿನದು. ಸೀಲ್ ಬದಲಾದಾಗ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಚಾಚೂ ಬದಲಾಯಿತು. ಫ್ಲೆಕ್ಸ್‌ಪ್ಲೇಟಿನ ಬೋಲ್ಟುಗಳ ವೃತ್ತ ಮೊದಲು 3.58 ಅಂಗುಲ ಇದ್ದದ್ದು 3.00 ಅಂಗುಲವಾಯಿತು. ಹಳೆಯ ಚಾಚಿನಲ್ಲೇ ಇದ್ದ ಸಮತೋಲನದ ತೂಕ ಹೊಸದರಲ್ಲಿ ಫ್ಲೆಕ್ಸ್‌ಪ್ಲೇಟಿಗೆ ಹೋಯಿತು. ಆದ್ದರಿಂದ ನಿಮ್ಮ 305ರ ಫ್ಲೆಕ್ಸ್‌ಪ್ಲೇಟ್ ಈ ಎಂಜಿನ್ನಿಗೆ ಕೂರುವುದೇ ಇಲ್ಲ, 1989ರ ಎಂಜಿನ್ನಿನ ಜೊತೆಗೆ ಅದರದೇ ಫ್ಲೆಕ್ಸ್‌ಪ್ಲೇಟನ್ನೂ ಆಯಿಲ್ ಪ್ಯಾನನ್ನೂ ಕೇಳಿ ಪಡೆಯಿರಿ. ಪಡೆದ ಮೇಲೆ ಫ್ಲೆಕ್ಸ್‌ಪ್ಲೇಟಿನ ಹಲ್ಲುಗಳನ್ನು ಎಣಿಸಿ. ಷೆವ್ರೊಲೆಯಲ್ಲಿ 153 ಹಲ್ಲಿನದೂ 168 ಹಲ್ಲಿನದೂ ಇವೆ. ಸ್ಟಾರ್ಟರ್ ಮೋಟರ್ ಆ ಸಂಖ್ಯೆಗೆ ತಕ್ಕದ್ದಾಗಿರಬೇಕು.

ಎರಡನೆಯದು ಇಂಟೇಕ್ ಮ್ಯಾನಿಫೋಲ್ಡ್. 1987ರ ಹೆಡ್‌ಗಳಿಂದ ನಡುವಿನ ನಾಲ್ಕು ಬೋಲ್ಟುಗಳ ಕೋನ ಬದಲಾಯಿತು. ನಿಮ್ಮ ಹಳೆಯ ಮ್ಯಾನಿಫೋಲ್ಡ್ ಮೇಲೆ ಕೂತಂತೆ ಕಂಡರೂ ಆ ನಾಲ್ಕು ಬೋಲ್ಟುಗಳು ನೆಟ್ಟಗೆ ಇಳಿಯುವುದಿಲ್ಲ. ಈ ಹೆಡ್‌ಗಳಿಗೆಂದೇ ಮಾಡಿದ, ಕಾರ್ಬುರೇಟರ್ ಕೂರುವ ಮ್ಯಾನಿಫೋಲ್ಡ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ರಂಧ್ರಗಳನ್ನು ಅರದಿಂದ ಉಜ್ಜಿ ಹಿಗ್ಗಿಸುವವರೂ ಇದ್ದಾರೆ, ನಾನಂತೂ ಅದನ್ನು ಹೇಳಿಕೊಡುವುದಿಲ್ಲ.

ಮೂರನೆಯದು ಪೆಟ್ರೋಲ್ ಪಂಪ್. ನಿಮ್ಮ 305ರಲ್ಲಿ ಕ್ಯಾಮ್‌ಶಾಫ್ಟ್ ತಳ್ಳುವ ಯಾಂತ್ರಿಕ ಪಂಪ್ ಬ್ಲಾಕ್‌ನ ಪಕ್ಕದಲ್ಲಿದೆ. 1989ರ ಎಂಜಿನ್ ಇಂಜೆಕ್ಷನ್‌ನದು, ಅದರ ಪಂಪ್ ಟ್ಯಾಂಕಿನೊಳಗಿತ್ತು. ಬ್ಲಾಕ್‌ನಲ್ಲಿ ಪಂಪಿಗೆ ಮೀಸಲಾದ ಜಾಗ ಕಾಣುತ್ತದೆ, ಆದರೆ ಅದು ಪೂರ್ತಿ ಕೊರೆದದ್ದೇ, ಕ್ಯಾಮ್‌ಶಾಫ್ಟಿನಲ್ಲಿ ಪಂಪ್ ತಳ್ಳುವ ಉಬ್ಬು ಇದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿಗೆ ತಕ್ಕ ಕಡಿಮೆ ಒತ್ತಡದ ವಿದ್ಯುತ್ ಪಂಪ್ ಹಾಕಬಹುದು.

305ರ ಹೆಡ್‌ಗಳನ್ನೇ ತಂದು 350ರ ಮೇಲೆ ಹಾಕಬಹುದೆಂದು ಯಾರಾದರೂ ಸಲಹೆ ಕೊಟ್ಟಾರು. ಅವು ಕೂರುತ್ತವೆ. ಆದರೆ ಅವುಗಳ ದಹನ ಕೋಣೆ ಚಿಕ್ಕದು, ದೊಡ್ಡ ಬೋರಿನ ಮೇಲೆ ಕಂಪ್ರೆಷನ್ ಏರುತ್ತದೆ, ವಾಲ್ವ್‌ಗಳು 350ಕ್ಕೆ ಸಣ್ಣವು. ಪಿಸ್ಟನ್ನಿನ ಆಕಾರ ತಿಳಿಯದೆ ಆ ಕೆಲಸಕ್ಕೆ ಕೈ ಹಾಕಬಾರದು.

ಐಟಿ_ಹುಡುಗ_ಆಸ್ಟಿನ್:
ಇಷ್ಟೆಲ್ಲ ಮಾಡುವ ಬದಲು ಷೆವ್ರೊಲೆಯದೇ ಪಿಕಪ್ ಆದ ಹಳೆಯ ಸಿಲ್ವರಾಡೊದ 5.3 ಲೀಟರ್ ಎಂಜಿನ್ ಹಾಕಬಾರದೇ? ಗುಜರಿ ಅಂಗಡಿಗಳಲ್ಲಿ ಅದು ಬೇಕಾದಷ್ಟಿದೆ.

ಡೆಟ್ರಾಯಿಟ್_ದಾವಣಗೆರೆ:
ಒಳ್ಳೆಯ ಎಂಜಿನ್, ಆದರೆ ಅದು ಬೇರೆಯದೇ ಯೋಜನೆ. 1997ರ ಕಾರ್ವೆಟ್‌ನೊಂದಿಗೆ ಬಂದ ಎಲ್‌ಎಸ್1 ಎಂಬ ಹೊಸ ವಿನ್ಯಾಸದ ಎಂಜಿನ್ ಕೂಡ 5.7 ಲೀಟರಿನದು, 346 ಘನ ಅಂಗುಲ. ಹಳೆಯ 350ರಿಂದ ಅದು ಉಳಿಸಿಕೊಂಡದ್ದರಲ್ಲಿ ಮುಖ್ಯವಾದದ್ದು 4.40 ಅಂಗುಲದ ಸಿಲಿಂಡರ್ ಅಂತರ. 5.3 ಲೀಟರಿನದು ಅದೇ ವಂಶದ್ದು, ಬೋರ್ 3.78, ಸ್ಟ್ರೋಕ್ 3.622. ಇವನ್ನು ಹಳೆಯ ಪಿಕಪ್‌ನಲ್ಲಿ ಕೂರಿಸಲು ಮೌಂಟುಗಳಿಗೆ ಅಡಾಪ್ಟರ್ ಬೇಕು. ಕ್ರ್ಯಾಂಕ್‌ಶಾಫ್ಟಿನ ಚಾಚು ಸುಮಾರು 0.4 ಅಂಗುಲ ಒಳಗಿರುವುದರಿಂದ 700ಆರ್4ರ ಮುಂದೆ ಸ್ಪೇಸರ್ ಬೇಕು. ತಂತಿಗಳು, ಕಂಪ್ಯೂಟರ್, ಅಧಿಕ ಒತ್ತಡದ ಪಂಪ್ ಬೇಕು. ಅಲ್ಲೂ ಪೀಳಿಗೆಯ ಗೊಂದಲ ತಪ್ಪಿದ್ದಲ್ಲ. ಕ್ರ್ಯಾಂಕ್‌ಶಾಫ್ಟಿನ ಸ್ಥಾನ ಓದುವ ಚಕ್ರದಲ್ಲಿ ಮೂರನೆಯ ಪೀಳಿಗೆಯವಕ್ಕೆ 24 ಸಂಕೇತಗಳು, ನಂತರದ ಪೀಳಿಗೆಯ ಬಹುತೇಕ ಎಂಜಿನ್‌ಗಳಿಗೆ 58. ಒಂದರ ಕಂಪ್ಯೂಟರ್ ಇನ್ನೊಂದರ ಭಾಷೆಯನ್ನು ಓದಲಾರದು.

ವಾಹನ ಯಾವ ಎಂಜಿನ್ನಿನೊಂದಿಗೆ ಹುಟ್ಟಿತು ಎಂದು ತಿಳಿಯಲು 17 ಅಕ್ಷರಗಳ ಗುರುತಿನ ಸಂಖ್ಯೆಯ ಎಂಟನೆಯ ಅಕ್ಷರ ನೋಡಿ. 1981ರಿಂದ ಈ ಉದ್ದ ಕಡ್ಡಾಯವಾಗಿದೆ. ಉದಾಹರಣೆಗೆ ಮೊದಲ ಪೀಳಿಗೆಯ ಸಿಲ್ವರಾಡೊದಲ್ಲಿ 'ಟಿ' ಎಂದರೆ ಸಾಮಾನ್ಯ 5.3, 'ಝಡ್' ಎಂದರೆ ಎಥನಾಲ್ ಕುಡಿಯಬಲ್ಲ 5.3. ಅದು ಕಾರ್ಖಾನೆಯಲ್ಲಿ ಕೂರಿಸಿದ್ದನ್ನಷ್ಟೇ ಹೇಳುತ್ತದೆ. ನಡುವೆ ಯಾರು ಏನು ಬದಲಿಸಿದರು ಎಂಬುದಕ್ಕೆ ಬ್ಲಾಕ್‌ನ ಮೇಲಿನ ಸಂಖ್ಯೆಯೇ ಸಾಕ್ಷಿ.

ಸ್ಯಾಕ್ರಮೆಂಟೊ_ಶಿರಸಿ:
ನನ್ನದು 1978ರ ಪಿಕಪ್, ಕ್ಯಾಲಿಫೋರ್ನಿಯಾದಲ್ಲಿದೆ. ಬೋಲ್ಟುಗಳು ಹೊಂದಿದರೆ ನಾನೂ ಇದೇ ರೀತಿ 1989ರ ಎಂಜಿನ್ ಹಾಕಿ ಕಾರ್ಬುರೇಟರ್ ಉಳಿಸಿಕೊಳ್ಳಬಹುದೇ?

ಹಳೇ_ಕಬ್ಬಿಣ:
ಟೆಕ್ಸಾಸ್‌ನಲ್ಲಿ ಇಷ್ಟು ಹಳೆಯ ವಾಹನಕ್ಕೆ ಹೊಗೆ ಪರೀಕ್ಷೆಯ ಕಾಟವಿಲ್ಲ, ನಿಮ್ಮಲ್ಲಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಪೆಟ್ರೋಲ್ ವಾಹನಗಳಿಗೆ ಮಾತ್ರ ವಿನಾಯಿತಿ. ನಿಮ್ಮದು 1978ರದಾದ್ದರಿಂದ ಹಾಕುವ ಎಂಜಿನ್ ವಾಹನದ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಮತ್ತು ಆ ಎಂಜಿನ್ ತನ್ನ ಮೂಲ ವಾಹನದಲ್ಲಿದ್ದಾಗ ಹೊಂದಿದ್ದ ಹೊಗೆ ನಿಯಂತ್ರಣದ ಸಲಕರಣೆಗಳೆಲ್ಲವೂ ಅದರ ಜೊತೆಗೇ ಬರಬೇಕು. ಅಂದರೆ 1989ರ ಎಂಜಿನ್ ಹಾಕಿದರೆ ಅದರ ಇಂಜೆಕ್ಷನ್, ಕಂಪ್ಯೂಟರ್, ಆಮ್ಲಜನಕ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲವೂ ಇರಲೇಬೇಕು, ಕಾರ್ಬುರೇಟರಿಗೆ ಜಾಗವಿಲ್ಲ. ಕಾರ್ಬುರೇಟರೇ ಬೇಕೆಂದರೆ ನಿಮ್ಮ ಪಿಕಪ್‌ನ ಕಾಲದ ಎರಡು ತುಂಡಿನ ಸೀಲಿನ 350ರ ಬ್ಲಾಕ್ ಹುಡುಕಿ, ಈಗಿರುವ ಸಲಕರಣೆಗಳನ್ನು ಒಂದೂ ಬಿಡದೆ ಅದರ ಮೇಲೆ ಕೂರಿಸಿ. ಇಂಜೆಕ್ಷನ್ ಸಮೇತ 1989ರದನ್ನು ಹಾಕುವುದಾದರೆ ಕೆಲಸ ಮುಗಿದ ಮೇಲೆ ಸಾಮಾನ್ಯ ಪರೀಕ್ಷಾ ಕೇಂದ್ರಕ್ಕೆ ಹೋಗಬೇಡಿ, ನೇರವಾಗಿ ರಾಜ್ಯದ ರೆಫರಿಯ (ಎಂಜಿನ್ ಬದಲಿಸಿದ ವಾಹನಗಳನ್ನು ಪರಿಶೀಲಿಸುವ ಅಧಿಕೃತ ಪರೀಕ್ಷಕರ) ಬಳಿ ಸಮಯ ಪಡೆಯಿರಿ. ಅವರು ಎಂಜಿನ್ ಗುರುತಿಸಿ ಚೀಟಿ ಅಂಟಿಸಿದ ಮೇಲೆ ಮುಂದಿನ ಪರೀಕ್ಷೆಗಳು ಆ ಚೀಟಿಯ ಆಧಾರದ ಮೇಲೆಯೇ ನಡೆಯುತ್ತವೆ.